ಬಿರುಕಿಗೆ ವಿಭೂತಿ ಹಚ್ಚಿದ ಕಾಕಾ

ನಮ್ಮ ಕಾಕಾ ಈ ಎಪ್ಪತ್ತೆಂಟು ವರ್ಷಗಳಲ್ಲಿ ಪರೀಕ್ಷೆ ಮಾಡದೆ ಯಾವುದನ್ನೂ ಮನೆಯೊಳಗೆ ಬಿಟ್ಟುಕೊಂಡವರಲ್ಲ. ಪರೀಕ್ಷೆ ಮಾಡಿದ ಮೇಲೆ ಬಿಟ್ಟುಕೊಂಡದ್ದೂ ಅಷ್ಟರಲ್ಲೇ ಇದೆ, ಆ ಮಾತು ಬೇರೆ! ಎತ್ತು ಕೊಳ್ಳುವವರು ಅದರ ಬಾಯಿ ಬಿಡಿಸಿ, ಹಲ್ಲು ನೋಡಿ ವಯಸ್ಸು ಹೇಳುತ್ತಾರಲ್ಲ, ಆ ಕೆಲಸದಲ್ಲಿ ಕಾಕಾ ನಮ್ಮೂರು ಕುಬಿಹಾಳದ ಸುತ್ತಮುತ್ತ ಹೆಸರಾದವರು. ಎತ್ತಿಗೆ ಮಾಡುವುದನ್ನೇ ಜಗತ್ತಿಗೆಲ್ಲ ಮಾಡುತ್ತಾರೆ ಎನ್ನುವುದು ನಮ್ಮ ಗೋಳು.

ಒಮ್ಮೆ ಛತ್ರಿ ಕೊಳ್ಳಲು ಹೋದವರು ಮಳೆ ಬರುವವರೆಗೂ ಅಂಗಡಿಯ ಕಟ್ಟೆಯ ಮೇಲೆ ಕೂತಿದ್ದರು. ಮಳೆ ಬಂತು. ಛತ್ರಿ ಬಿಚ್ಚಿಕೊಂಡು ಬೀದಿಯಲ್ಲಿ ನಿಂತರು. ಒಂದು ಹನಿ ಸೋರಲಿಲ್ಲ. ಅಷ್ಟರಲ್ಲಿ ಮಳೆ ನಿಂತಿತು. ಮಳೆಯೇ ಇಲ್ಲದ ಮೇಲೆ ಛತ್ರಿ ಏತಕ್ಕೆ ಎಂದು ಮಡಚಿ ವಾಪಸ್ ಕೊಟ್ಟು ಬಂದರು! ನವಲಗುಂದದಲ್ಲಿ ಜಮಖಾನೆ ನೋಡಲು ಹೋದಾಗ ಅದರ ಮೇಲೆ ಮಲಗಿ ನೋಡುತ್ತೇನೆಂದು ಒಂದು ತಾಸು ಗೊರಕೆ ಹೊಡೆದರು. ಎದ್ದು, ಇಷ್ಟು ಚೆನ್ನಾಗಿ ನಿದ್ದೆ ಬಂದರೆ ಹೊಲಕ್ಕೆ ಹೋಗುವವರು ಯಾರು ಎಂದು ಬಿಟ್ಟು ಬಂದರು. ನೇಕಾರರ ಮನೆಯವರು ಪಾಪ, ಚಹಾ ಬೇರೆ ಕೊಟ್ಟಿದ್ದರು.

ಇಂಥವರನ್ನು ನಾನು ಅಪಾರ್ಟ್‌ಮೆಂಟ್ ನೋಡಲು ಕರೆದುಕೊಂಡು ಹೋದೆ. ಬೇರೆ ಯಾರನ್ನು ಕರೆಯಲಿ? ಅಪ್ಪ, ಅವ್ವ ಒಂದೇ ವರ್ಷದಲ್ಲಿ ತೀರಿಕೊಂಡ ಮೇಲೆ, ಆರು ವರ್ಷದವನಿದ್ದಾಗಿನಿಂದ ನಾನು ಬೆಳೆದದ್ದು ಇವರ ಕೈಯಲ್ಲಿ. ಗುಮಾಸ್ತಗಿರಿಯಿಂದ ನಿವೃತ್ತನಾದಾಗ ಬಂದ ಗಂಟು ನನ್ನ ಹತ್ತಿರ ಇತ್ತು, ಅದನ್ನು ಬಿಟ್ಟರೆ ಬೇರೇನೂ ಇರಲಿಲ್ಲ. ಕುಂದಗೋಳದ ಹೊರಗೆ, ಹತ್ತಿ ಬೆಳೆಯುತ್ತಿದ್ದ ಎರೆ ಹೊಲದಲ್ಲಿ ಎದ್ದಿದ್ದ ಮೂರು ಅಂತಸ್ತಿನ ಕಟ್ಟಡ ಅದು. ಕಟ್ಟಿಸಿದವನು ಸಾಲ ತೀರಿಸಲಾರದೆ ಕೈ ಎತ್ತಿದ್ದ. ಹದಿನೆಂಟು ಮನೆಗಳಲ್ಲಿ ಆರರಲ್ಲಿ ಜನ, ಹನ್ನೆರಡರಲ್ಲಿ ಪಾರಿವಾಳ. ಒಂದು ಮನೆಯ ದರಕ್ಕೆ ಎರಡು ಕೊಡಿಸುತ್ತೇನೆ ಎಂದು ಏಜೆಂಟ ಬೆನ್ನು ಹತ್ತಿದ್ದ. ತಿಂಗಳಿಗೆ ಎರಡು ಬಾಡಿಗೆ ಬಂದರೆ ಕಾಲ ಮೇಲೆ ಕಾಲು ಹಾಕಿಕೊಂಡು ಕೂರಬಹುದಲ್ಲ ಎಂಬ ಆಸೆ ನನಗೆ.

ಕಾಕಾ ಮೊದಲು ಲಿಫ್ಟು ನೋಡಿದರು. ಲಿಫ್ಟು ಇರಲಿಲ್ಲ, ಅದಕ್ಕೆಂದು ತೋಡಿದ ಗುಂಡಿ ಮಾತ್ರ ಇತ್ತು. ಬಗ್ಗಿ ನೋಡಿ, ಜೋಳ ತುಂಬಿಡಲು ಇದಕ್ಕಿಂತ ಒಳ್ಳೆಯ ಹಗೇವು ಸುತ್ತಲಿನ ಯಾವ ಊರಲ್ಲೂ ಇಲ್ಲವೆಂದು ಮನಸಾರೆ ಹೊಗಳಿದರು. ಏಜೆಂಟನ ಮುಖ ನೋಡಬೇಕಿತ್ತು! ಆಮೇಲೆ ಕಲ್ಲಂಗಡಿ ತಟ್ಟುವ ಹಾಗೆ ಒಂದೊಂದು ಗೋಡೆಯನ್ನೂ ತಟ್ಟಿ ಕಿವಿಗೊಟ್ಟು ಕೇಳಿದರು. ಕೆಳಗಿನ ಮೂಲೆಯ ಮನೆಗೆ ಬಂದಾಗ ತಟ್ಟುವುದು ನಿಂತಿತು.

ಆ ಮನೆಯಲ್ಲಿ ಇದ್ದವರು ನಿವೃತ್ತ ಶಾಲಾ ಶಿಕ್ಷಕಿ, ಊರಿನವರೆಲ್ಲರ ಅಕ್ಕೋರು. ನನ್ನ ಹಾಗೆಯೇ ನಿವೃತ್ತಿಯ ಗಂಟನ್ನೆಲ್ಲ ಸುರಿದು ಮನೆ ಕೊಂಡಿದ್ದರು. ಪಡಸಾಲೆಯ ಗೋಡೆಯಲ್ಲಿ ನೆಲದಿಂದ ಮೇಲಿನವರೆಗೆ ಒಂದು ಬಿರುಕು. ಅದು ಗೋಡೆಯದಲ್ಲ, ಬರೀ ಮೇಲೆ ಬಳಿದ ಗಿಲಾಯಿಯ ಬಿರುಕು, ಬಣ್ಣ ಹೊಡೆದರೆ ಮುಚ್ಚುತ್ತದೆ ಎಂದ ಏಜೆಂಟ.

"ಎರಿ ಮಣ್ಣು ನೀರ ಕುಡದ್ರ ಉಬ್ಬತೈತಿ, ಒಣಗಿದ್ರ ಬಾಯಿ ಬಿಡತೈತಿ. ಮ್ಯಾಲೆ ಹತ್ತಿ ಇದ್ರೇನು, ಮನಿ ಇದ್ರೇನು? ಒಂದ ಮಳಿ ಹೋಗ್ಲಿ, ಆಮ್ಯಾಲೆ ಹೇಳತೀನಿ," ಎಂದರು ಕಾಕಾ.

ಅಂಗಿಯ ಕಿಸೆಯಿಂದ ವಿಭೂತಿ ಗಟ್ಟಿ ತೆಗೆದು, ನೀರಲ್ಲಿ ತೇಯ್ದು, ಬಿರುಕಿನ ಬಾಯಿಗೆ ಅಡ್ಡಲಾಗಿ ಒತ್ತಿ ಮೂರು ಗೆರೆ ಎಳೆದರು. ಗೋಡೆ ಅಲುಗಿದರೆ ಗೆರೆ ಸೀಳುತ್ತದೆ, ಇಲ್ಲದಿದ್ದರೆ ಇಲ್ಲ ಎನ್ನುವ ಲೆಕ್ಕ; ಅಕ್ಕೋರಿಗೆ ಅದನ್ನು ಬಿಡಿಸಿ ಹೇಳಲಿಲ್ಲ. ಅಕ್ಕೋರಿಂದ ಸ್ಟೂಲು ಇಸಿದುಕೊಂಡು, ಅವರು ಚಹಾ ಮಾಡಲು ಒಳಗೆ ಹೋದಾಗ, ಛಾವಣಿಯ ಹತ್ತಿರವೂ ಒಂದು ಸಾಲು ಎಳೆದರು. ಎತ್ತನ್ನು ಒಂದೇ ಮಗ್ಗುಲಿಂದ ನೋಡುವವರಲ್ಲ ಅವರು.

ಮಳೆ ಬಂದು ಹೋದ ವಾರಕ್ಕೆ ಏಜೆಂಟನ ಜೊತೆ ನಾವು ಮತ್ತೆ ಹೋದೆವು. ಏನು ನೋಡುವುದು! ಗೋಡೆಯ ಮೇಲೆ ಬಿಳಿ ಬಿಳಿ ಹೊಚ್ಚ ಹೊಸ ಮೂರು ಗೆರೆ. ಬಿರುಕಿನ ಉದ್ದಕ್ಕೂ, ಕೈಗೆಟುಕುವವರೆಗೆ, ಕಣಗಿಲೆ ಹೂವು. ಮುಂದೆ ಮಣೆ, ಮಣೆಯ ಮೇಲೆ ದೀಪ, ಊದಿನಕಡ್ಡಿ. ಮೇಲಿನ ಮನೆಯವರು ಕಾಯಿ ಬೇರೆ ಒಡೆಸಿದ್ದರು. ಆ ಗೆರೆ ಸೀಳಿತ್ತೋ ಇಲ್ಲವೋ ಇನ್ನು ಯಾವ ದೇವರು ಹೇಳಬೇಕು? ನನಗೆ ನಗು ತಡೆಯಲಾಗದೆ ಕೆಮ್ಮಿದಂತೆ ಮಾಡಿದೆ.

ಅಕ್ಕೋರು ಕಾಕಾರ ಮುಂದೆ ಕೈ ಮುಗಿದು ನಿಂತರು. "ದಿನಾ ಝಳಕಾ ಮಾಡಿ, ಹಳೇದನ್ನ ಒರಸಿ ಹೊಸಾದ ಹಚ್ಚತೀನ್ರಿ. ಈ ಗ್ವಾಡಿ ಯಾವಾಗ ಮೈಮ್ಯಾಲೆ ಬೀಳತೈತೋ ಅಂತ ಎರಡ ವರ್ಷ ನಿದ್ದಿ ಇರಲಿಲ್ರಿ. ನೀವು ವಿಭೂತಿ ಹಚ್ಚಿ ಹ್ವಾದಾಗಿಂದ ಕಣ್ಣು ಹತ್ತೇತ್ರಿ."

ಪರೀಕ್ಷೆ ಕೆಡಿಸಿದವರನ್ನು ಬಯ್ಯದೆ ಬಿಡುವ ಆಸಾಮಿಯಲ್ಲ ನಮ್ಮ ಕಾಕಾ. ಆದರೆ ಅಂದು ಟೊಪಗಿ ತೆಗೆದು, ತಾವೂ ಆ ಬಿರುಕಿಗೆ ಕೈ ಮುಗಿದರು. ಆಮೇಲೆ ಸ್ಟೂಲು ಹತ್ತಿ ಛಾವಣಿಯ ಹತ್ತಿರದ ಸಾಲು ನೋಡಿದರು. ಅಲ್ಲಿ ಮೂರೂ ಗೆರೆ ಸೀಳಿದ್ದವು. ಸಂದಿನಲ್ಲಿ ಉಗುರು ಹೋಗುವಷ್ಟು ಜಾಗ.

ಇಳಿದು ಬಂದು ಅಕ್ಕೋರಿಗೆ ಸುಳ್ಳು ಹೇಳಲಿಲ್ಲ. ಗೋಡೆ ಇವತ್ತು ನಾಳೆ ಬೀಳುವುದಿಲ್ಲ, ಆದರೆ ಬುಡ ನೀರು ಕುಡಿಯುತ್ತಿದೆ, ಹೀಗೇ ಬಿಟ್ಟರೆ ಕಷ್ಟ ಎಂದರು. ಹಿಂದೆ ಹೋಗಿ ನೋಡಿದರೆ ಮಾಳಿಗೆಯ ನೀರಿನ ಪೈಪು ಮುರಿದು, ಮಳೆಯ ನೀರೆಲ್ಲ ಗೋಡೆಯ ಬುಡಕ್ಕೇ ಇಳಿಯುತ್ತಿತ್ತು. ನನಗೂ ಏಜೆಂಟನಿಗೂ ಒಂದೇ ಮಾತಲ್ಲಿ ತೀರ್ಪು ಕೊಟ್ಟರು: "ತಗೋಬ್ಯಾಡ." ಏಜೆಂಟ ಕಾರು ಹತ್ತಿ ಹೋದ. ನನ್ನ ಗಂಟು ಉಳಿಯಿತು. ವ್ಯವಹಾರ ಅಲ್ಲಿಗೆ ಮುಗಿಯಿತು ಎಂದುಕೊಂಡೆ.

ಮರುದಿನ ಬೆಳಿಗ್ಗೆ ಮೊದಲ ಬಸ್ಸಿಗೆ ಗುದ್ದಲಿ, ಸಲಿಕೆ, ಬುಟ್ಟಿ ಹಿಡಿದುಕೊಂಡು ಕಾಕಾ ಕುಂದಗೋಳಕ್ಕೆ ಹೋದರೆಂದು ಕಾಕಿ ಹೇಳಿದಳು. ಈ ವಯಸ್ಸಿಗೆ ಇದೇನು ಹುಚ್ಚು ಎಂದು ನಾನೂ ಓಡಿದೆ. ಪೈಪಿಗೆ ಹೊಸ ತುಂಡು ಜೋಡಿಸಿ ಆಗಿತ್ತು. ಗೋಡೆಯ ಬುಡದಿಂದ ರಸ್ತೆಯ ಗಟಾರದವರೆಗೆ ಕಾಲುವೆ ತೋಡುತ್ತಿದ್ದರು. ಅಕ್ಕೋರು ಬೇಡವೆಂದು ಹೇಳಿ ಹೇಳಿ ಸಾಕಾಗಿ, ತಂಬಿಗೆಯಲ್ಲಿ ನೀರು ಹಿಡಿದು ಕಟ್ಟೆಯ ಮೇಲೆ ಕೂತಿದ್ದರು.

"ನಾವು ತಗೊಳ್ಳಲಾರದ ಮನಿಗೆ ಯಾಕ್ರಿ ಕಾಕಾ ಇಷ್ಟ ದುಡಿತೀರಿ?" ಎಂದೆ.

"ನೀ ತಗೊಳ್ಳಲಿಲ್ಲ. ಅವ್ರು ತಗೊಂಡಬಿಟ್ಟಾರಲ್ಲ, ಅವ್ರು ಎಲ್ಲಿ ಹೋಗಬೇಕು?"

ಅವರನ್ನು ಕೆಣಕಬೇಕೆನಿಸಿತು. ಐವತ್ತು ವರ್ಷಗಳಿಂದ ನನ್ನ ನಾಲಿಗೆಯ ತುದಿಯಲ್ಲಿದ್ದ ಮಾತನ್ನು ತಮಾಷೆಗೆಂದೇ ಕೇಳಿದೆ. "ಛತ್ರಿನೂ ಪರೀಕ್ಷಾ ಮಾಡ್ತೀರಿ, ಜಮಖಾನಿನೂ ಪರೀಕ್ಷಾ ಮಾಡ್ತೀರಿ. ನನ್ನ ಕರಕೊಂಡ ಬರೂ ಮುಂದ ಏನ ನೋಡಿದ್ರಿ?"

ಕಾಕಾ ಗುದ್ದಲಿ ನಿಲ್ಲಿಸಲಿಲ್ಲ. "ಏನ ನೋಡೂಣು ಲೇ? ನಿನ್ನ ಮುಂದಿನ ಹಲ್ಲ ನಾಕೂ ಬಿದ್ದಿದ್ವು. ಹೆಗಲ ಮ್ಯಾಲೆ ಹೊತಗೊಂಡ ಬಂದೆ."

ಆಗ ಅವರಿಗೆ ಇಪ್ಪತ್ತನಾಲ್ಕು, ಇನ್ನೂ ಮದುವೆಯಾಗಿರಲಿಲ್ಲ. ಅವರ ಕೈಯಿಂದ ಗುದ್ದಲಿ ಇಸಿದುಕೊಂಡೆ. ಒಂದು ಗಳಿಗೆ ನಿಂತು ನೋಡಿ, ನನಗೆ ಗುದ್ದಲಿ ಹಿಡಿಯಲು ಬರುವುದಿಲ್ಲವೆಂದು ಅಕ್ಕೋರಿಗೆ ಹೇಳುತ್ತ ಕಾಕಾ ಕಟ್ಟೆಯ ಮೇಲೆ ಕೂತರು.