ಐದನೆಯವನಾಗಲು ಓಡಿದವನು

ಬಿಂದುಮಾಧವನ ಪಾಡಿಗೆಲ್ಲ ಕಾರಣ ಅವನ ಕಾಲಿನ ಆಣಿ. ಚಪ್ಪಲಿ ಒತ್ತುತ್ತದೆಂದು ಸೀತಾಬರ್ಡಿ ಪೇಟೆಯಲ್ಲಿ ಒಂದು ಜೊತೆ ಮೆತ್ತನೆಯ ಬಿಳಿ ಬೂಟು ಕೊಂಡಿದ್ದ. ಅದನ್ನೇ ಹಾಕಿಕೊಂಡು, ವರ್ಗಾವಣೆಯ ಅರ್ಜಿ ಹಿಡಿದು ದೊಡ್ಡ ಸಾಹೇಬ ಪೊನ್ನಪ್ಪನವರ ಕೋಣೆಗೆ ಹೋದ. ಪೊನ್ನಪ್ಪ ಸೈನ್ಯದಲ್ಲಿ ಮೇಜರ್ ಆಗಿದ್ದು, ನಿವೃತ್ತರಾಗಿ ನಾಗಪುರದ ಈ ಸರಕಾರಿ ಕಚೇರಿಗೆ ಬಂದವರು. ಅವರು ಅರ್ಜಿ ನೋಡಲಿಲ್ಲ, ಬೂಟು ನೋಡಿದರು.

“ಓಡ್ತೀರೇನ್ರೀ ರಾವ್?”

ಅರ್ಜಿ ಇನ್ನೂ ಅವರ ಮೇಜಿನ ಮೇಲೆಯೇ ಇತ್ತು. ಅಂಥ ಹೊತ್ತಿನಲ್ಲಿ ಸಾಹೇಬರಿಗೆ ಇಲ್ಲ ಎನ್ನುವ ಗುಮಾಸ್ತ ಇನ್ನೂ ಹುಟ್ಟಿಲ್ಲ.

“ಓಡ್ತೇನ್ರಿ ಸಾಹೇಬ್ರ.”

ಜನವರಿಯಲ್ಲಿ ಇಲಾಖೆಗಳ ನಡುವೆ ಇಪ್ಪತ್ತೊಂದು ಕಿಲೋಮೀಟರಿನ ಓಟವಿತ್ತು. ಮರುದಿನದಿಂದಲೇ ಬಿಂದುಮಾಧವ ಬೆಳಗಿನ ಐದೂವರೆಗೆ ಫುಟಾಳಾ ಕೆರೆಯ ದಂಡೆಯಲ್ಲಿ ನಾಲ್ವರು ಸಹೋದ್ಯೋಗಿಗಳ ಹಿಂದೆ ಏದುಸಿರು ಬಿಡುತ್ತ ಓಡತೊಡಗಿದ. ಬಸ್ಸು ಹಿಡಿಯಲು ಕೂಡ ಎಂದೂ ಓಡದಿದ್ದ ಮನುಷ್ಯ.

ಅವನಿಗೆ ಬೇಕಾಗಿದ್ದುದು ಪದಕವಲ್ಲ, ಧಾರವಾಡ. ಹೆಂಡತಿ ವಾಸಂತಿ ಅಲ್ಲಿ ಹೈಸ್ಕೂಲಿನಲ್ಲಿ ಶಿಕ್ಷಕಿ. ಮೂರು ವರ್ಷದಿಂದ ಅವಳೂ ಮಗಳು ಸುಮೇಧಾಳೂ ಅಲ್ಲಿ, ಇವನು ಇಲ್ಲಿ, ತಾನೇ ಕುದಿಸಿಕೊಂಡ ಸಾರಿನ ಜೊತೆಯಲ್ಲಿ. ಹೋದ ದೀಪಾವಳಿಗೆ ಊರಿಗೆ ಹೋದಾಗ ಐದು ವರ್ಷದ ಸುಮೇಧಾ ನೀರಿನ ಲೋಟ ತಂದುಕೊಟ್ಟು, “ನಿಮ್ಮ ಗಾಡಿ ಎಷ್ಟಕ್ಕದ?” ಎಂದು ಕೇಳಿದ್ದಳು, ಮನೆಗೆ ಬಂದ ನೆಂಟರನ್ನು ಕೇಳುವ ಹಾಗೆ. ಆ ಮಾತು ನೆನಪಾದಾಗಲೆಲ್ಲ ಅವನಿಗೆ ಅಳು ಬರುತ್ತಿತ್ತು. ಓಡಿ ಸಾಹೇಬರನ್ನು ಖುಷಿಪಡಿಸಿದರೆ ಧಾರವಾಡ ಸಿಕ್ಕೀತೆಂದು ಅವನು ಲೆಕ್ಕ ಹಾಕಿದ್ದ.

ಡಿಸೆಂಬರಿನ ಒಂದು ಭಾನುವಾರ ತಂಡದ ಆಯ್ಕೆ. ಕಚೇರಿಯ ಗೇಟಿನಿಂದ ಕೋರಾಡಿಯ ದೇವಿಯ ಗುಡಿಯವರೆಗೆ ಹದಿನೈದು ಕಿಲೋಮೀಟರ್ ಓಡಬೇಕು. ಓಡುವವರು ಐವರು, ತಂಡಕ್ಕೆ ಬೇಕಾದವರು ನಾಲ್ವರು. ಸಾಹೇಬರು ಸೀಟಿ ಊದುವ ಕೆಲಸವನ್ನು ಕಾವಲುಗಾರನಿಗೆ ವಹಿಸಿ ಜೀಪಿನಲ್ಲಿ ಮುಂದೆ ಹೋದರು. ಅಷ್ಟರಲ್ಲಿ ಪಕ್ಕದ ಮೇಜಿನ ಗುರುಸಿದ್ದಪ್ಪ ಮೊಣಕಾಲಿಗೆ ಎಣ್ಣೆ ತಿಕ್ಕಿಕೊಳ್ಳುತ್ತ ಕೇಳಿದ:

“ಮಾಧವರಾವ್, ನೀವ್ಯಾಕ ಇಷ್ಟ್ ಒದ್ದಾಡ್ತೀರಿ? ತಂಡದಾಗ ಹೊಕ್ಕರ ಮುಗೀತು, ಈ ಊರ ಬಿಡಂಗಿಲ್ಲ. ಚಲೋ ಓಡೋರನ್ನ ಸಾಹೇಬ್ರು ಎಲ್ಲಿಗೂ ಕಳಸೂದಿಲ್ಲ. ಹೋದ ವರ್ಷದ ನಾಕೂ ಮಂದಿ ಅರ್ಜಿ ಹರದ ಒಗದಾರ.”

ಬಿಂದುಮಾಧವನಿಗೆ ಓಡುವ ಮೊದಲೇ ಬೆವರು ಕಿತ್ತುಬಂತು. “ಮತ್ತ ನೀವ್ಯಾಕ ಓಡ್ತೀರಿ?”

“ನನಗ ಇಲ್ಲೇ ಇರಬೇಕಾಗೇತಿ. ಮನಿ ಕಟ್ಟಾಕತ್ತೀನಿ, ಹೋದ ವಾರ ಸ್ಲ್ಯಾಬ್ ಹಾಕ್ಸೀನಿ. ತಂಡದಾಗಿದ್ರ ಯಾರೂ ಅಲುಗಾಡ್ಸಂಗಿಲ್ಲ.”

ಸೀಟಿ ಮೊಳಗಿತು. ನಾಲ್ವರು ಓಡಿದರು. ಬಿಂದುಮಾಧವ ಬಗ್ಗಿ ಬೂಟಿನ ಲಾಡಿ ಕಟ್ಟಿದ, ಬಿಚ್ಚಿದ, ಮತ್ತೆ ಕಟ್ಟಿದ. ಅವನ ಗುರಿ ಈಗ ಸ್ಪಷ್ಟವಾಗಿತ್ತು: ಐದನೆಯವನಾಗಬೇಕು. ಜನ್ಮದಲ್ಲಿ ಮೊದಲ ಸಲ ತನ್ನ ಯೋಗ್ಯತೆಗೆ ತಕ್ಕ ಗುರಿ ಸಿಕ್ಕಿತೆಂದು ಅವನಿಗೆ ಸಮಾಧಾನವೂ ಆಯಿತು.

ನಾಲ್ಕು ಕಿಲೋಮೀಟರ್ ಕಳೆಯುವುದರೊಳಗೆ ರಸ್ತೆ ಬದಿಯಲ್ಲಿ ಗುರುಸಿದ್ದಪ್ಪ ಒಂದು ಆಟೋ ನಿಲ್ಲಿಸಿಕೊಂಡು ಚೌಕಾಸಿ ಮಾಡುತ್ತಿದ್ದ.

“ಜಲ್ದಿ ಹತ್ರಿ ಮಾಧವರಾವ್! ಗುಡಿ ಒಂದ್ ಮೈಲ್ ಇರಾಗ ಇಳದ್ಬಿಡೂಣು.”

“ಬ್ಯಾಡ್ರಿ, ನಾ ಹಿಂಗಽ ಬರ್ತೇನಿ.”

“ಎಂಥಾ ಪ್ರಾಮಾಣಿಕ ಮನಷ್ಯಾರಿ ನೀವು!” ಎಂದು ಗುರುಸಿದ್ದಪ್ಪ ಮರುಗಿ ಆಟೋ ಹತ್ತಿದ. ಒಬ್ಬನಂತೂ ಖಂಡಿತ ಮುಂದೆ ಹೋದನೆಂದು ಬಿಂದುಮಾಧವ ಹಿಗ್ಗಿದ.

ಮಾನಕಾಪುರದ ತಿರುವಿನಲ್ಲಿ ಜವಾನ ವಾಮನ ಸ್ಟೂಲಿನ ಮೇಲೆ ಕೂತು ತೂಕಡಿಸುತ್ತಿದ್ದ. ತೊಡೆಯ ಮೇಲೆ ಕಚೇರಿಯ ಸಿಕ್ಕಾ, ಮಸಿಯ ಪ್ಯಾಡು. ಓಡಿ ಬಂದವರ ಮಣಿಕಟ್ಟಿಗೆ ಸಿಕ್ಕಾ ಒತ್ತಬೇಕೆಂದು ಸಾಹೇಬರ ಹುಕುಂ ಆಗಿತ್ತು. ಬಿಂದುಮಾಧವ ಕೈ ಚಾಚಿದ. ಟಪಾಲಿಗೆ ಒತ್ತುವಂತೆ ವಾಮನ ತಾರೀಖಿನ ಸಮೇತ ‘ಸ್ವೀಕೃತ’ ಎಂದು ಒತ್ತಿ, ಮತ್ತೆ ಕಣ್ಣು ಮುಚ್ಚಿದ.

ಗುಡಿಗೆ ಇನ್ನೊಂದು ಕಿಲೋಮೀಟರ್ ಇರುವಾಗ ಅವನು ಗಕ್ಕನೆ ನಿಂತ. ಮೋರಿಯ ಕಟ್ಟೆಯ ಮೇಲೆ ಟೈಪಿಸ್ಟ್ ಅಮೇಯ ಕಾಲು ಹಿಡಿದುಕೊಂಡು ಕೂತಿದ್ದ. ಇಪ್ಪತ್ತೈದು ವರ್ಷದ, ತೊಂಬತ್ತು ಕಿಲೋದ ಹುಡುಗ.

“ಬಸ್ ಕಾಕಾ, ಅಬ್ ನಹೀ ಹೋತಾ, ಇನ್ನ ಆಗೂದಿಲ್ಲ. ಮೀನಖಂಡ ಹಿಡ್ಕೊಂಡದ. ನೀವು ಮುಂದ ಹೋಗ್ರಿ.”

ಇವನು ಕೂತುಬಿಟ್ಟರೆ ನಾಲ್ಕನೆಯವನು ತಾನೇ! ಬಿಂದುಮಾಧವ ಅಲ್ಲೇ ನೆಲಕ್ಕೆ ಕುಕ್ಕರಿಸಿ ಅಮೇಯನ ಕಾಲು ನೀವಿದ. ಜೇಬಿನಲ್ಲಿದ್ದ ಕಿತ್ತಳೆ ಸುಲಿದು ತೊಳೆ ತೊಳೆಯಾಗಿ ಬಾಯಿಗಿಟ್ಟ. “ಏಳಪ್ಪಾ, ಕೈ ಮುಗೀತೇನಿ, ನನ್ನ ಮಗಳ ಮಾರಿ ನೋಡಿ ಏಳು,” ಎಂದು ಅಂಗಲಾಚಿದ. ಅಮೇಯ ಏಳಲಿಲ್ಲ. ಕೊನೆಗೆ ಬಿಂದುಮಾಧವ ಅವನನ್ನು ಬೆನ್ನಿಗೆ ಹೇರಿಕೊಂಡು, ಹತ್ತು ಹೆಜ್ಜೆಗೊಮ್ಮೆ ದೇವಿಯನ್ನು ಕರೆಯುತ್ತ ಹೊರಟ.

ಆಗಲೇ ಪಕ್ಕದಲ್ಲಿ ಸ್ಕೂಟರ್ ನಿಂತಿತು. ಅವನ ಕ್ವಾರ್ಟರ್ಸಿನ ಮೇಲಿನ ಮನೆಯ ಚಂದ್ರಮ್ಮ ಗಂಡನೊಂದಿಗೆ ಗುಡಿಗೆ ಹೊರಟಿದ್ದರು. ಕಂಡವರ ಕೆಲಸವನ್ನೆಲ್ಲ ತಮ್ಮದೆಂದುಕೊಳ್ಳುವ ಹೆಂಗಸು.

“ಅಯ್ಯೋ ರಾಯರೇ! ಏನಾಯ್ತು ಈ ಹುಡುಗನ್ಗೆ? ಸ್ಕೂಟರ್ ಮೇಲೆ ಕೂರ್ಸಿ, ನಾನಿಳಿದು ನಡ್ಕೊಂಡು ಬರ್ತೀನಿ.”

“ಬ್ಯಾಡ್ರಿ! ಗಾಡಿ ಹತ್ತಿದ್ರ ಅವನ್ನ ತಗದ್ಹಾಕ್ತಾರ. ಅವ ನನಗಿಂತ ಮೊದಲ ಮುಟ್ಟಬೇಕ್ರಿ!”

ಚಂದ್ರಮ್ಮನ ಕಣ್ಣು ತುಂಬಿತು. ಸೆರಗಿನಿಂದ ಮೂಗು ಒರೆಸಿಕೊಂಡು, “ನಡೀರೀ ಬೇಗ, ಇದನ್ನ ಯಾರಿಗಾದ್ರೂ ಹೇಳ್ಲೇಬೇಕು,” ಎಂದು ಗಂಡನ ಬೆನ್ನು ತಟ್ಟಿದರು.

ಗುಡಿಯ ಕಮಾನು ಕಂಡೊಡನೆ ಬಿಂದುಮಾಧವ ಅಮೇಯನನ್ನು ಇಳಿಸಿ ಹಿಂದಿನಿಂದ ನೂಕಿದ. ಅಮೇಯ ಕುಂಟುತ್ತ ಗೆರೆ ದಾಟಿದ. ಬಿಂದುಮಾಧವ ಕಂಬಕ್ಕೊರಗಿ ನೂರರವರೆಗೆ ಎಣಿಸಿ, ಮದುವಣಿಗನ ಗತ್ತಿನಲ್ಲಿ ಒಳಗೆ ಕಾಲಿಟ್ಟ. ಐದನೆಯವನು! ಧಾರವಾಡದ ಪೇಢೆಯ ಪರಿಮಳ ಮೂಗಿಗೇ ಬಡಿದಂತಾಯಿತು.

ಒಳಗೆ ಪೊನ್ನಪ್ಪನವರು ಗುರುಸಿದ್ದಪ್ಪನ ಮಣಿಕಟ್ಟು ಹಿಡಿದು ನಿಂತಿದ್ದರು.

“ಸಿಕ್ಕಾ ಎಲ್ಲಯ್ಯಾ?”

“ಬೆವರಿಗೆ ಅಳಿಸಿ ಹೋತ್ರಿ ಸಾಹೇಬ್ರ.”

“ಬೆವರೆಲ್ಲಯ್ಯಾ? ಹದಿನೈದು ಕಿಲೋಮೀಟರ್ ಓಡಿದೋನ ಕ್ರಾಪು ಕೂಡ ಕೆದರಿಲ್ಲ! ನಿನ್ನಂಥ ಮೋಸಗಾರ ನನ್ನ ಕಚೇರೀಲಿ ಒಂದು ದಿನ ಇರಕೂಡದು. ಧಾರವಾಡದಲ್ಲಿ ಒಂದೇ ಒಂದು ಜಾಗ ಖಾಲಿ ಇದೆ. ನಾಳೆನೇ ಆರ್ಡರ್, ಅಲ್ಲಿಗೆ ಹೋಗಿ ಬಿದ್ದಿರು!”

“ಸಾಹೇಬ್ರ, ಸ್ಲ್ಯಾಬ್...” ಎಂದು ಗುರುಸಿದ್ದಪ್ಪ ಗೋಳೋ ಎಂದು ಅತ್ತ.

ಐವರಲ್ಲಿ ಒಬ್ಬ ಹೋದರೆ ಉಳಿಯುವವರು ಎಷ್ಟೆಂಬ ಲೆಕ್ಕ ಬಿಂದುಮಾಧವನಿಗೆ ತಾನಾಗಿಯೇ ಬಂತು. ಅದು ಸಾಲದೆಂಬಂತೆ ಸಾಹೇಬರು ಬಂದು ಅವನನ್ನು ತಬ್ಬಿಕೊಂಡರು. ಅವರ ಹಿಂದೆ ಚಂದ್ರಮ್ಮ ಕುಂಕುಮದ ತಟ್ಟೆ ಹಿಡಿದು ನಿಂತಿದ್ದರು.

“ಈಯಮ್ಮ ಎಲ್ಲ ಹೇಳಿದ್ರು ರಾವ್. ಬಿದ್ದ ಜೊತೆಗಾರನ್ನ ಹೊತ್ಕೊಂಡು ಬಂದು, ಅವನನ್ನೇ ಮುಂದೆ ಬಿಟ್ಟು ತಾನು ಹಿಂದೆ ನಿಲ್ಲೋನು! ಪಲ್ಟನ್ನಿನಲ್ಲೂ ಇಂಥೋನ್ನ ನಾನು ಕಂಡಿಲ್ಲ. ಇವತ್ತಿಂದ ನೀವೇ ತಂಡದ ಕ್ಯಾಪ್ಟನ್. ನಿಮ್ಮ ಅರ್ಜಿ ಬಂದಿತ್ತಲ್ಲ, ಅದನ್ನ ನಾನೇ ಹರಿದು ಹಾಕ್ತೀನಿ.”

ಬಿಂದುಮಾಧವ ಗುರುಸಿದ್ದಪ್ಪನ ಹೆಗಲ ಮೇಲೆ ತಲೆಯಿಟ್ಟು ಅವನಿಗಿಂತ ಜೋರಾಗಿ ಅತ್ತ.

“ನೋಡ್ರಮ್ಮ, ನೋಡಿ,” ಎಂದರು ಪೊನ್ನಪ್ಪ, ಚಂದ್ರಮ್ಮನ ಕಡೆ ತಿರುಗಿ ಕಣ್ಣೊರೆಸಿಕೊಳ್ಳುತ್ತ. “ಮೋಸ ಮಾಡಿದೋನು ಧಾರವಾಡಕ್ಕೆ ಹೋಗ್ತಾನೆ ಅಂತ ಎಷ್ಟು ಸಂಕಟಪಡ್ತಾ ಇದ್ದಾರೆ! ಇಂಥೋರನ್ನ ರಿಟೈರ್ ಆಗೋವರೆಗೂ ನಾಗಪುರದಿಂದ ಬಿಡಲ್ಲ ನಾನು.”