ಲಿವರ್‌ಮೋರಿಗೆ ಹೋಗದಿರಲು ನಾನು ಬೆಳೆಸಿದ ಮಲ್ಲಿಗೆ

ಗಂಡಸರು ಹೂವಿನ ಗಿಡ ಬೆಳೆಸುವುದಕ್ಕೆ ಭಕ್ತಿ, ಹವ್ಯಾಸ, ನಿವೃತ್ತಿ ಮೊದಲಾದ ಘನವಾದ ಕಾರಣಗಳಿರುತ್ತವೆ. ನಾನು ಬೆಳೆಸಿದ್ದು ಶುದ್ಧ ಭಯದಿಂದ.

ನಮ್ಮ ಅಪಾರ್ಟ್‌ಮೆಂಟು ಇರುವುದು ಪಾಲೋ ಆಲ್ಟೋದಲ್ಲಿ. ನನ್ನ ಆಫೀಸು ಪಕ್ಕದ ರಸ್ತೆ ದಾಟಿದರೆ ಸಿಗುತ್ತದೆ. ಈ ಬೇ ಏರಿಯಾದ ಮಿಕ್ಕ ಇಂಜಿನಿಯರುಗಳೆಲ್ಲ ಬೆಳಗಾದರೆ ಫ್ರೀವೇಯಲ್ಲಿ ಒಬ್ಬರ ಹಿಂದೊಬ್ಬರು ಇರುವೆಗಳ ಹಾಗೆ ತೆವಳುತ್ತಿರುವಾಗ, ನಾನು ಎರಡನೇ ಸಲದ ಕಾಫಿ ಕುಡಿದು, ಪೇಪರು ಮಡಿಚಿಟ್ಟು, ನಡೆದುಕೊಂಡೇ ಹೋಗಿ ಕುರ್ಚಿಯಲ್ಲಿ ಕೂತಿರುತ್ತೇನೆ. ನನಗಿರುವ ಐಶ್ವರ್ಯ ಅದೊಂದೇ. ಅದಕ್ಕೆ ಕಲ್ಲು ಬಿದ್ದದ್ದು ಜೂನ್ ತಿಂಗಳಲ್ಲಿ, ಕೊಲ್ಲಿಯಾಚೆ ಕಾರಿನಲ್ಲಿ ಒಂದು ಗಂಟೆ ದಾರಿಯ ಲಿವರ್‌ಮೋರಿನ ಸತ್ಯವತಿಯವರ ಮನೆಯ ಸತ್ಯನಾರಾಯಣ ಪೂಜೆಯಲ್ಲಿ.

ಸತ್ಯವತಿಯವರ ಯಜಮಾನರು ವೆಂಕಟಾಚಲ ಅಲ್ಲಿನ ಸರ್ಕಾರಿ ಅಣ್ವಸ್ತ್ರದ ಲ್ಯಾಬಿನಲ್ಲಿ ಏನೋ ಮಾಡುತ್ತಾರೆ. (ಏನು ಅಂತ ಅವರು ಹೇಳುವಂತಿಲ್ಲ, ನಾವು ಕೇಳುವಂತಿಲ್ಲ.) ಮನೆಯ ಹಿಂದೆ ಕ್ರಿಕೆಟ್ ಆಡುವಷ್ಟು ಬ್ಯಾಕ್‌ಯಾರ್ಡು. ಅದರ ಒಂದು ಮೂಲೆಯಲ್ಲಿ ಬೆಳೆದ ಅಪ್ಪಟ ದುಂಡುಮಲ್ಲಿಗೆಯನ್ನು ಸತ್ಯವತಿಯವರು ತಲೆ ತುಂಬ ಮುಡಿದು ಓಡಾಡುತ್ತಿದ್ದರು. ನನ್ನ ಹೆಂಡತಿ ನಿರುಪಮಾ ಮುಡಿದಿದ್ದದ್ದು ಚಿಕ್ಕಪೇಟೆಯಿಂದ ತಂದ ಬಟ್ಟೆಯ ಮಲ್ಲಿಗೆ. ಬಾಳಿಕೆಯ ವಸ್ತು. ಮಾಸಿದರೆ ಸೋಪಿನ ಪುಡಿಯಲ್ಲಿ ನೆನೆಸಿ ಒಣಹಾಕಬಹುದು.

ತಾಂಬೂಲ ಕೊಡುವಾಗ ಸತ್ಯವತಿಯವರು ಫ್ರಿಜ್ಜಿನಿಂದ ಹೂವಿನ ದಂಡೆ ತೆಗೆದು, ಕತ್ತರಿಯಿಂದ ಬೆರಳುದ್ದ ತುಂಡು ಮಾಡಿ, ನಿರುಪಮಾಳ ಕೈಗಿಟ್ಟರು.

"ನಿಮ್ಮ ಅಪಾರ್ಟ್‌ಮೆಂಟಲ್ಲಿ ಇದೆಲ್ಲ ಎಲ್ಲಿ ಬರ್ಬೇಕು ನಿರುಪಮಾ. ಮುಡ್ಕೊಳ್ಳಿ, ಪಾಪ."

ಬೆರಳುದ್ದವನ್ನು ನಿರುಪಮಾ ಸಹಿಸುತ್ತಿದ್ದಳು. ಅವಳ ಎದೆಗೆ ನಾಟಿದ್ದು ಆ 'ಪಾಪ'. ವಾಪಸು ಬರುವಾಗ ಕಾರಿನಲ್ಲಿ, ಕೊಲ್ಲಿಯ ಮೇಲಿನ ಸೇತುವೆ ದಾಟಿದ ಮೇಲೆ, ಅವಳು ಬಾಯಿ ಬಿಟ್ಟಳು. ಮನೆ ಬದಲಾಯಿಸೋಣ, ಲಿವರ್‌ಮೋರಿಗೆ ಹೋಗೋಣ, ಅಲ್ಲಿ ಕೈಗೆಟುಕುವ ದರಕ್ಕೆ ಬ್ಯಾಕ್‌ಯಾರ್ಡು ಸಿಗುತ್ತದೆ ಎಂದಳು. ಅಲ್ಲಿಂದ ನನ್ನ ಆಫೀಸು ಎಷ್ಟು ದೂರ ಗೊತ್ತೇ ಎಂದು ಕೇಳಿದೆ.

"ದೇವರೇ ಅಲ್ಲಿ ಗುಡ್ಡದ ಮೇಲೆ ದೇವಸ್ಥಾನ ಕಟ್ಟಿಸ್ಕೊಂಡು ಇರೋಕೆ ಹೊರಟಿದಾನೆ. ನಿಮಗೇನು ಕಷ್ಟ?"

(ದೇವರಿಗೆ ಬೆಳಿಗ್ಗೆ ಎಂಟಕ್ಕೆ ಪಾಲೋ ಆಲ್ಟೋದಲ್ಲಿ ಮೀಟಿಂಗು ಇರುವುದಿಲ್ಲ. ಇದನ್ನು ನಾನು ಮನಸ್ಸಿನಲ್ಲೇ ಹೇಳಿಕೊಂಡೆ.)

ಫ್ರೀವೇಯ ಭಯ ಮನುಷ್ಯನಿಂದ ಏನೆಲ್ಲ ಆಡಿಸುತ್ತದೆ ನೋಡಿ. ಸ್ಟೀರಿಂಗ್ ಹಿಡಿದುಕೊಂಡೇ ನಾನು ಭೀಷ್ಮಪ್ರತಿಜ್ಞೆ ಮಾಡಿಬಿಟ್ಟೆ. ಬರುವ ಗೌರಿ ಹಬ್ಬಕ್ಕೆ ನಮ್ಮ ಬಾಲ್ಕನಿಯಲ್ಲೇ ಬೆಳೆದ ಹೂವನ್ನು ನೀನು ಮೊಳಗಟ್ಟಲೆ ಮುಡಿಯುತ್ತೀಯ, ಅರಿಶಿನ ಕುಂಕುಮಕ್ಕೆ ಸತ್ಯವತಿಯವರನ್ನೇ ಕರೆ, ಅವರು ನೋಡಲಿ ಎಂದೆ. ನಿರುಪಮಾ ಅದಕ್ಕೊಂದು ಕರಾರು ಹಾಕಿದಳು.

"ಸರಿ. ಹೂ ಬಂದ್ರೆ ಇಲ್ಲೇ ಇರೋಣ. ಬರ್ಲಿಲ್ಲ ಅಂದ್ರೆ ಹಬ್ಬದ ಮಾರನೇ ದಿನ ಲಿವರ್‌ಮೋರಲ್ಲಿ ಮನೆ ನೋಡೋಕೆ ಹೋಗೋದು. ಆಮೇಲೆ ಮಾತು ತಿರುಗಿಸ್ಬೇಡಿ."

ನಮ್ಮ ಬಾಲ್ಕನಿಯ ವಿಸ್ತೀರ್ಣವನ್ನು ಇಲ್ಲಿ ಸ್ವಲ್ಪ ತಿಳಿಸಬೇಕು. ಅದರಲ್ಲಿ ಒಬ್ಬರು ನಿಂತಿದ್ದರೆ ಇನ್ನೊಬ್ಬರು ಒಳಗಿನಿಂದಲೇ ಬೈಯಬೇಕು. ನೆಲ ಮರದ ಹಲಗೆಗಳದು, ಹಲಗೆ ಹಲಗೆಯ ನಡುವೆ ಸಂದು. ನಾವು ಮೇಲಿನ ಮಹಡಿ. ಕೆಳಗಿನ ಮನೆಯಲ್ಲಿ ಮಿಸೆಸ್ ಹಾರ್ಪರ್ ಎನ್ನುವ ಒಂಟಿ ಅಜ್ಜಿ. ಹಲಗೆಯ ಸಂದಿಯಿಂದ ನಮ್ಮದೇನು ಬಿದ್ದರೂ ಅದು ಅವರ ಬಾಲ್ಕನಿಗೇ ಸಲ್ಲುತ್ತಿತ್ತು. ಒಮ್ಮೆ ಒಣಹಾಕಿದ್ದ ಸಂಡಿಗೆ ಬಿದ್ದಾಗ ಬಹಳ ಸಭ್ಯವಾಗಿ ಒಂದು ಕವರಿನಲ್ಲಿ ಹಾಕಿ ವಾಪಸು ತಂದುಕೊಟ್ಟಿದ್ದರು. ಅವರ ಮುಖದಲ್ಲಿ ಮಾತ್ರ ಸಭ್ಯತೆ ಕಂಡಿರಲಿಲ್ಲ.

ಸ್ಯಾನ್ ಹೋಸೆಯ ಒಂದು ನರ್ಸರಿಯಿಂದ ದುಂಡುಮಲ್ಲಿಗೆಯ ಗಿಡ ತಂದೆ. ಮಡಕೆಯಂಥ ಕುಂಡ, ಮಣ್ಣಿನ ಚೀಲ, ಕೈಗವಸು, ಪುಟ್ಟ ಸಲಿಕೆ ಎಲ್ಲ ಬಂದವು. ಗಿಡದಲ್ಲಿ ಎಲೆಗಳಿದ್ದವು. ಜೂನ್ ಕಳೆಯಿತು, ಜುಲೈ ಬಂತು, ಆಗಲೂ ಎಲೆಗಳೇ ಇದ್ದವು. ನಿರುಪಮಾ ದಿನಾ ಬೆಳಿಗ್ಗೆ ಬಾಗಿಲ ಗಾಜಿನಿಂದ ಇಣುಕಿ ನೋಡಿ, ಪೇಪರಿನ ರಿಯಲ್ ಎಸ್ಟೇಟ್ ಪುಟ ಬಿಡಿಸಿಕೊಂಡು ಕೂರುತ್ತಿದ್ದಳು. ಆ ಪುಟ ಮಗುಚುವ ಸದ್ದು ಕೇಳುತ್ತ ಕೂತು ನಾನು ಎರಡನೇ ಕಾಫಿಯನ್ನು ಆರಿಸಿಬಿಡುತ್ತಿದ್ದೆ.

ಆಗ ನನಗೆ ಜ್ಞಾನೋದಯವಾಯಿತು. ಮಲ್ಲಿಗೆಗೆ ಬೇಕಾದದ್ದು ಕಡಲೆಕಾಯಿ ಹಿಂಡಿ. ನಮ್ಮ ಕಡೆ ಎಣ್ಣೆ ತೆಗೆದು ಉಳಿದ ಹಿಂಡಿಯನ್ನು ನೀರಿನಲ್ಲಿ ಕೊಳೆಸಿ ಹಾಕಿದರೆ ಒಣಕಡ್ಡಿಯೂ ಮೊಗ್ಗು ಬಿಡುತ್ತದೆ. ಆದರೆ ಕ್ಯಾಲಿಫೋರ್ನಿಯಾದಲ್ಲಿ ಗಾಣ ಎಲ್ಲಿ ಹುಡುಕುವುದು? ಹುಡುಕಬೇಕಾಗಿಲ್ಲ ಎಂದು ನನಗೆ ಹೊಳೆದದ್ದು ಒಂದು ಹೆಲ್ತ್ ಫುಡ್ ಅಂಗಡಿಯಲ್ಲಿ. ಅಲ್ಲಿ ಗಡ್ಡದವನೊಬ್ಬ ಉಪ್ಪು ಸಕ್ಕರೆ ಏನೂ ಇಲ್ಲದ ಪೀನಟ್ ಬಟರ್ ಮಾರುತ್ತಾನೆ. ಎಣ್ಣೆ ಮೇಲೆ ತೇಲುತ್ತಿರುತ್ತದೆ, ಗಷ್ಟು ಕೆಳಗೆ ಕೂತಿರುತ್ತದೆ. ಎಣ್ಣೆ ಬಗ್ಗಿಸಿ ಚೆಲ್ಲಿದರೆ ಉಳಿದದ್ದು ಹಿಂಡಿಯಲ್ಲದೆ ಮತ್ತೇನು? ನಾನು ಕೈಗೆ ಸಿಕ್ಕಷ್ಟು ಡಬ್ಬಿ ಎತ್ತಿಕೊಂಡೆ. ಗಡ್ಡದವನು ನನ್ನ ಆರೋಗ್ಯದ ಕಾಳಜಿಗೆ ಮೆಚ್ಚಿ ತಲೆಯಾಡಿಸಿದ.

"ಅದು ಬ್ರೆಡ್ಡಿಗೆ ಹಚ್ಚೋದು ರೀ," ಎಂದಳು ನಿರುಪಮಾ.

ನೀನು ಅಡುಗೆಮನೆಯ ದೃಷ್ಟಿಯಿಂದ ನೋಡುತ್ತಿದ್ದೀಯ, ಇಂಜಿನಿಯರಿನ ದೃಷ್ಟಿಯಿಂದ ನೋಡು ಎಂದು ಅವಳಿಗೆ ವಿವರಿಸಿದೆ. ಹಾಗಾದರೆ ಕೊನೇ ಪಕ್ಷ ಅದಕ್ಕೆ ಬಕೆಟ್ಟುಗಟ್ಟಲೆ ನೀರು ಬೆರೆಸಿ, ನಮ್ಮಮ್ಮ ಒಂದು ಲೋಟ ಹಿಂಡಿ ನೀರಿಗೆ ಒಂದು ಬಕೆಟ್ಟು ಬರೀ ನೀರು ಸೇರಿಸುತ್ತಿದ್ದರು ಎಂದಳು. ನಮಗೆ ಅಷ್ಟು ಕಾಲಾವಕಾಶವಿರಲಿಲ್ಲ. ಗೌರಿ ಹತ್ತಿರ ಬರುತ್ತಿದ್ದಳು. ನಾನು ಗಟ್ಟಿಯಾಗಿಯೇ ಹಾಕಲು ತೀರ್ಮಾನಿಸಿದೆ.

ಬಾಲ್ಕನಿಯಲ್ಲಿ ಮುಚ್ಚಿಟ್ಟ ಬಕೆಟ್ಟು ವಾರ ಕಳೆಯುವುದರೊಳಗೆ ಪರಿಪಾಕಕ್ಕೆ ಬಂತು. ಆ ವಾಸನೆಯನ್ನು ವರ್ಣಿಸುವುದು ಬೇಡ, ನೀವು ಊಟ ಮಾಡಬೇಕಾದವರು. ನಿರುಪಮಾ ಊದುಬತ್ತಿ ಹಚ್ಚಿದಳು. ಅದರಿಂದ ಊದುಬತ್ತಿಯ ಮರ್ಯಾದೆ ಹೋಯಿತೇ ಹೊರತು ಬಕೆಟ್ಟಿನ ಪ್ರಭಾವ ತಗ್ಗಲಿಲ್ಲ. ಕೆಳಗಿನಿಂದ ಮಿಸೆಸ್ ಹಾರ್ಪರ್ ಬಂದು, ನಿಮ್ಮ ಮನೆಯಲ್ಲಿ ಎಲ್ಲರೂ ಕ್ಷೇಮವೇ, ಯಾವುದಾದರೂ ಪ್ರಾಣಿ ಸತ್ತಿದೆಯೇ ಎಂದು ವಿಚಾರಿಸಿದರು. ಇದು ನಮ್ಮ ಸಂಸ್ಕೃತಿಯ ಗೊಬ್ಬರ ಎಂದು ನಾನು ಹೇಳಿದೆ. ಸಂಸ್ಕೃತಿ ಹಲಗೆಯ ಸಂದಿಯಿಂದ ತಮ್ಮ ಕುರ್ಚಿಯ ಮೇಲೆ ತೊಟ್ಟಿಕ್ಕುತ್ತಿದೆ ಎಂದು ಅವರು ಹೇಳಿದರು.

ಇನ್ನೊಂದು ಅತಿಥಿಯೂ ಬಂತು. ಕಡಲೆಕಾಯಿಯ ವಾಸನೆ ಹಿಡಿದ ಅಳಿಲು. ನಮ್ಮೂರ ಅಳಿಲು ರಾಮನ ಬೆರಳು ಸವರಿಸಿಕೊಂಡ ವಿನಯವಂತ ಜೀವಿ. ಇದು ಬೆಕ್ಕಿನ ಗಾತ್ರದ್ದು, ಬಾಲವನ್ನು ಬಾವುಟದಂತೆ ಎತ್ತಿಕೊಂಡು ಬಂದು, ನನ್ನ ಎದುರಿಗೇ ಕುಂಡದ ಮಣ್ಣು ಬಗೆಯುತ್ತಿತ್ತು. ನಾನು 'ಹೋಗ್' ಎಂದರೆ ಕೂತು ನೋಡುತ್ತಿತ್ತು. ನಮ್ಮ ಮಗಳು ಶೈಲಜಾ, ಎರಡನೇ ಕ್ಲಾಸು, ಅದಕ್ಕೆ ಗುಂಡಣ್ಣ ಎಂದು ಹೆಸರಿಟ್ಟಳು. ಅದನ್ನು ಓಡಿಸಮ್ಮಾ ಎಂದರೆ, "ಬಟ್ ಡ್ಯಾಡ್, ಹೀ ಈಸ್ ಹಂಗ್ರಿ," ಎಂದು ಸ್ವಲ್ಪ ಅವಲಕ್ಕಿಯನ್ನೂ ಹಾಕಿದಳು.

ಆಗಸ್ಟಿನ ಒಂದು ಮಧ್ಯಾಹ್ನ ಅಪಾರ್ಟ್‌ಮೆಂಟಿನ ಮ್ಯಾನೇಜರು ಬಾಗಿಲು ತಟ್ಟಿದ. ಬಾಡಿಗೆಯ ಕರಾರಿನ ಪ್ರಕಾರ ಇಲ್ಲಿ ಸಾಕುಪ್ರಾಣಿ ಇಟ್ಟುಕೊಳ್ಳುವಂತಿಲ್ಲ, ನೀವು ಅಳಿಲು ಸಾಕಿದ್ದೀರೆಂದು ದೂರು ಬಂದಿದೆ ಎಂದ. ಅದು ಕಾಡುಪ್ರಾಣಿ, ನಮಗೂ ಅದಕ್ಕೂ ಯಾವ ಸಂಬಂಧವೂ ಇಲ್ಲ ಎಂದು ನಾನು ಘಂಟಾಘೋಷವಾಗಿ ಸಾರುತ್ತಿರುವಾಗ, ಶೈಲಜಾ ನನ್ನ ಪ್ಯಾಂಟು ಎಳೆದು ಬಾಲ್ಕನಿಯ ಕಡೆ ಬೆರಳು ತೋರಿಸಿ, ಗುಂಡಣ್ಣ ಬಂದ ಎಂದಳು. ಮ್ಯಾನೇಜರು ಹೆಸರನ್ನು ಎರಡು ಸಲ ಕೇಳಿ ತಿಳಿದುಕೊಂಡ. ಹೆಸರಿರುವ ಪ್ರಾಣಿ ಕಾಡುಪ್ರಾಣಿ ಹೇಗಾಗುತ್ತದೆ ಎನ್ನುವುದು ಅವನ ವಾದ. ಇನ್ನೊಂದು ದೂರು ಬಂದರೆ ಮನೆ ಖಾಲಿ ಮಾಡಬೇಕಾಗುತ್ತದೆ ಎಂದು ಹೇಳಿ ಹೋದ. ನಿರುಪಮಾಳ ಮುಖದಲ್ಲಿ ಆ ಮಾತಿಗೆ ಮೂಡಿದ ಕಳೆ ನನಗೆ ಸ್ವಲ್ಪವೂ ಹಿಡಿಸಲಿಲ್ಲ.

ಮರುದಿನವೇ ಪ್ರಳಯವಾಯಿತು. ನಾನು ಆಫೀಸಿನಿಂದ ಬರುವಷ್ಟರಲ್ಲಿ ಗುಂಡಣ್ಣ ಬಕೆಟ್ಟಿನ ಮುಚ್ಚಳ ತೆಗೆಯಲು ಹೋಗಿ ಇಡೀ ಬಕೆಟ್ಟನ್ನೇ ಉರುಳಿಸಿದ್ದ. ನಿರುಪಮಾ ಮೂಗಿಗೆ ಸೆರಗು ಕಟ್ಟಿಕೊಂಡು, ಸ್ನಾನದ ಮನೆಯಿಂದ ಬಕೆಟ್ಟಿನ ಮೇಲೆ ಬಕೆಟ್ಟು ನೀರು ತಂದು ಸುರಿದು ಹಲಗೆ ತೊಳೆಯುತ್ತಿದ್ದಳು. ಎಲ್ಲವೂ ಸಂದಿಗಳ ಮೂಲಕ ಧಾರಾಕಾರವಾಗಿ ಕೆಳಲೋಕಕ್ಕೆ ಇಳಿಯುತ್ತಿತ್ತು. ಅದೃಷ್ಟಕ್ಕೆ ಮಿಸೆಸ್ ಹಾರ್ಪರ್ ಮನೆಯಲ್ಲಿರಲಿಲ್ಲ. ಅವರು ಬಂದ ಮೇಲೂ ದೂರಿಗೆ ಬರಲಿಲ್ಲ. ಅದರಿಂದ ನನಗೆ ಇನ್ನೂ ಹೆದರಿಕೆಯಾಯಿತು. ಮಾತಾಡದವರು ವಕೀಲರ ಹತ್ತಿರ ಹೋಗಿರುತ್ತಾರೆ.

ಗಿಡದ ವಿಷಯ ಹೇಳುವುದಕ್ಕೇ ಸಂಕಟ. ಗಟ್ಟಿ ಹಿಂಡಿಯ ಉಷ್ಣಕ್ಕೆ ಎಲೆಗಳು ಅಂಚಿನಿಂದ ಸುಟ್ಟುಹೋದವು. ಮಿಕ್ಕ ಬೇರನ್ನು ಗುಂಡಣ್ಣ ಕಿತ್ತು ಶೋಧಿಸಿದ. ಹಬ್ಬ ಇನ್ನೂ ಎರಡು ವಾರವಿದೆ ಎನ್ನುವಾಗ ಕುಂಡದಲ್ಲಿ ನಿಂತಿದ್ದದ್ದು ಒಂದು ಕಡ್ಡಿ. ನಾನು ಅದಕ್ಕೆ ತೊಟ್ಟಿಲಿನ ಮಗುವಿಗೆ ಹನಿಸುವಂತೆ ದಿನಾ ನೀರು ಹನಿಸಿದೆ. ಗೌರಿಯ ಹಿಂದಿನ ದಿನ ಕಡ್ಡಿ ಮುಟ್ಟಿದರೆ ಲಟಕ್ಕೆಂದು ಮುರಿಯಿತು. ನಿರುಪಮಾ ಬಟ್ಟೆಯ ಮಲ್ಲಿಗೆಯನ್ನು ಸೋಪಿನ ಪುಡಿಯಲ್ಲಿ ನೆನೆಸಿದಳು. ಅದನ್ನು ಹಿಂಡಿ ಹಗ್ಗಕ್ಕೆ ಹಾಕುವಾಗ ಅವಳ ಕಣ್ಣಲ್ಲಿ ನೀರಿತ್ತು. ಫ್ರೀವೇಯನ್ನು ಮರೆತು ನನಗೆ ನಿಜವಾಗಿಯೂ ಬೇಸರವಾದದ್ದು ಆಗ.

ಹಬ್ಬದ ಬೆಳಿಗ್ಗೆ ಬಾಗಿಲು ತಟ್ಟಿದ ಸದ್ದಾಯಿತು. ಕಿಂಡಿಯಿಂದ ನೋಡಿದರೆ ಮಿಸೆಸ್ ಹಾರ್ಪರ್. ನಾನು ವೀರನಂತೆ ಬಚ್ಚಲಿಗೆ ಹೋಗಿ ಚಿಲಕ ಹಾಕಿಕೊಂಡೆ. ಒಳಗಿನಿಂದ ನನಗೆ ಕೇಳಿಸಿದ್ದು ಅಜ್ಜಿಯ ಉದ್ದನೆಯ ಮಾತು, ಮಧ್ಯೆ ನಿರುಪಮಾಳ 'ಓ', ಆಮೇಲೆ ಇಬ್ಬರ ನಗು. ವಕೀಲರ ನೋಟೀಸಿಗೆ ಯಾರೂ ನಗುವುದಿಲ್ಲ ಎಂದು ಧೈರ್ಯ ಮಾಡಿ ಹೊರಗೆ ಬಂದೆ.

ಊಟದ ಮೇಜಿನ ಮೇಲೆ ಅನ್ನ ಬಸಿಯುವ ತೂತಿನ ಪಾತ್ರೆಯ ತುಂಬ ಜಾಜಿ ಹೂವು.

ಮಿಸೆಸ್ ಹಾರ್ಪರ್ ಬಾಲ್ಕನಿಯಲ್ಲಿ ಒಂದು ಜಾಜಿ ಬಳ್ಳಿಯ ಕುಂಡವಿತ್ತಂತೆ. ಅವರ ದಿವಂಗತ ಗಂಡ ನೆಟ್ಟದ್ದು. ಅವರು ಹೋದ ಮೇಲೆ ಒಂದು ಹೂವೂ ಬಿಟ್ಟಿರಲಿಲ್ಲ. ನಮ್ಮ ಮನೆಯಿಂದ ಪ್ರಳಯ ಇಳಿದ ಮೇಲೆ ಬಳ್ಳಿ ಮೈತುಂಬ ಮೊಗ್ಗು ಬಿಟ್ಟಿತು. ನಿರುಪಮಾ ಸುರಿದ ಬಕೆಟ್ಟುಗಳಿಂದ ಹಿಂಡಿ ನೀರು ಅವಳ ಅಮ್ಮ ಹೇಳುತ್ತಿದ್ದ ಹದಕ್ಕೆ ಸರಿಯಾಗಿ ಬಂದು ಬಳ್ಳಿಯ ಬುಡಕ್ಕೆ ಇಳಿದಿತ್ತು. ಈಗ ಅಜ್ಜಿ ಬಂದಿದ್ದದ್ದು ಒಂದೇ ಪ್ರಾರ್ಥನೆಗೆ. ಸುರಿಯುವುದನ್ನು ನಿಲ್ಲಿಸಬೇಡಿ, ಹೂವು ಎಷ್ಟು ಬೇಕಾದರೂ ತೆಗೆದುಕೊಳ್ಳಿ, ಅಳಿಲಿನ ದೂರನ್ನು ಆಗಲೇ ವಾಪಸು ತೆಗೆದುಕೊಂಡಿದ್ದೇನೆ ಎಂದರು.

ಸಂಜೆ ಸತ್ಯವತಿಯವರು ಬಂದಾಗ ನಿರುಪಮಾಳ ಜಡೆ ಕಾಣುತ್ತಿರಲಿಲ್ಲ, ಬರೀ ಹೂವು ಕಾಣುತ್ತಿತ್ತು. ಅವಳು ಬೇಕೆಂದೇ ಮೂರು ಸಲ ಬೆನ್ನು ತಿರುಗಿಸಿ ಅಡುಗೆಮನೆಗೆ ಹೋಗಿ ಬಂದಳು. ನನಗೆ ಒಳಗೊಳಗೇ ಹಿಗ್ಗು. ಲಿವರ್‌ಮೋರು ತಪ್ಪಿತು, ನನ್ನ ಎರಡನೇ ಕಾಫಿ ಉಳಿಯಿತು. ತಾಂಬೂಲದ ಜೊತೆ ನಿರುಪಮಾ ಕತ್ತರಿ ತೆಗೆದುಕೊಂಡು, ಬೆರಳುದ್ದವಲ್ಲ, ಮೊಳದುದ್ದ ಕತ್ತರಿಸಿ ಕೊಟ್ಟಳು.

"ಮುಡ್ಕೊಳ್ಳಿ, ಪಾಪ."

ಸತ್ಯವತಿಯವರು ಸೋತ ದನಿಯಲ್ಲಿ, ಲಿವರ್‌ಮೋರಿನ ಸೆಕೆಗೆ ಈ ಸಲ ತಮ್ಮ ಮಲ್ಲಿಗೆ ಪೂರ್ತಿ ಬಾಡಿಹೋಯಿತೆಂದು ಒಪ್ಪಿಕೊಂಡರು. ನೀವು ಏನು ಗೊಬ್ಬರ ಹಾಕುತ್ತೀರಿ ಎಂದು ಕೇಳಿದರು. ಗೆದ್ದವರಿಗೆ ಔದಾರ್ಯ ಹೆಚ್ಚು. ನಿರುಪಮಾ ನನ್ನ ಕಡೆ ನೋಡಿದ ನೋಟದಲ್ಲಿ ಬಹಳ ದಿನಗಳಿಂದ ಕಾಣದ ಪ್ರೀತಿಯಿತ್ತು.

"ಅದೆಲ್ಲ ನಮ್ಮನೆಯವರ ಕೈಗುಣ. ಹಿಂಡಿ ನೀರು ಅವರಿಗೇ ಗೊತ್ತು. ಪ್ರತಿ ಶನಿವಾರ ಬಂದು ನಿಮ್ಮ ಗಿಡಕ್ಕೂ ಹಾಕಿ ಕೊಡ್ತಾರೆ ಬಿಡಿ. ಲಿವರ್‌ಮೋರು ಏನು ಮಹಾ ದೂರ."

ಹೀಗಾಗಿ ಈಗ ಶನಿವಾರ ಬೆಳಿಗ್ಗೆ ಮೊದಲು ನಾನು ಗಿಡವೇ ಇಲ್ಲದ ಕುಂಡಕ್ಕೆ ಮಿಸೆಸ್ ಹಾರ್ಪರ್ ಸಲುವಾಗಿ ಹಿಂಡಿ ನೀರು ಹೊಯ್ಯುತ್ತೇನೆ. ಆಮೇಲೆ ಕಾರಿನ ಕಿಟಕಿಗಳನ್ನೆಲ್ಲ ಇಳಿಸಿ, ಸೇತುವೆ ದಾಟಿ, ಫ್ರೀವೇ ಹಿಡಿದು ಲಿವರ್‌ಮೋರಿಗೆ ಹೋಗುತ್ತೇನೆ. ಟೋಲ್ ಕಟ್ಟಿಸಿಕೊಳ್ಳುವವರು ನನ್ನ ಕಾರು ಗುರುತು ಹಿಡಿದು ದೂರದಿಂದಲೇ ಕೈ ಚಾಚುತ್ತಾರೆ. ನಿರುಪಮಾ ತಲೆ ತುಂಬ ಜಾಜಿ ಮುಡಿದು ಹಿಂದಿನ ಸೀಟಿನಲ್ಲಿ ಕೂತಿರುತ್ತಾಳೆ. ಮುಂದೆ ನನ್ನ ಪಕ್ಕದ ಸೀಟಿನಲ್ಲಿ, ತುಳುಕದಿರಲಿ ಎಂದು ಬೆಲ್ಟು ಹಾಕಿಸಿಕೊಂಡು, ಬಕೆಟ್ಟು ಕೂತಿರುತ್ತದೆ.