ಕೆಮ್ಮುವ ಗಾಡಿ, ಊರೆಲ್ಲ ಅನುಮಾನ

ನಾನು ಎಲ್ಲಿ ಕೈ ಹಾಕಿದರೂ ಅಲ್ಲೊಂದು ಅನುಮಾನ ಮೊಳಕೆ ಒಡೆಯುತ್ತದೆ. ಇದು ನನ್ನ ಗ್ರಹಚಾರವೋ, ಮಾಡಿದ ನೌಕರಿಯ ಫಲವೋ ಇನ್ನೂ ತೀರ್ಮಾನವಾಗಿಲ್ಲ. ಬಿ.ಎಸ್ಸಿ. ಮುಗಿಸಿ, ಕರೆಂಟು ಕಳ್ಳತನ ಹಿಡಿಯುವ ತಪಾಸಣೆಯ ಕೆಲಸಕ್ಕೆ ಸೇರಿ, ನಿವೃತ್ತನಾಗುವವರೆಗೂ ಜನರ ಮನೆಯ ಮೀಟರುಗಳನ್ನು ಓರೆಗಣ್ಣಿನಲ್ಲೇ ನೋಡಿಕೊಂಡು ಬಂದವನು. ನಿವೃತ್ತಿಯಾಗಿ ಮಧುಗಿರಿಯಲ್ಲಿ ಹಾಯಾಗಿ ಕೂತಾಗ ನೋಡಲು ಮೀಟರುಗಳಿರಲಿಲ್ಲ. ಆಗ ಸಿಕ್ಕಿತು ನೋಡಿ, ಕಾರ್ಬೊರೇಟರು.

ಅದರ ಮೂಲ ನನ್ನ ಹೆಂಡತಿಯ ಹುಣಸೆ ತೋಪು. ಐ.ಡಿ.ಹಳ್ಳಿ ಕಡೆ, ಒಂದು ಕಲ್ಲು ದಿಣ್ಣೆಯ ನೆತ್ತಿಯ ಮೇಲಿದೆ. ಅವಳಿಗೆ ತವರಿನಿಂದ ಬಂದದ್ದು. ಮಂಡಿ ನೋವು ಶುರುವಾದ ಮೇಲೆ ಅವಳು ದಿಣ್ಣೆ ಹತ್ತುವುದು ನಿಂತಿತು. ಅವಳು ಹತ್ತುವುದು ನಿಂತದ್ದೇ ತಡ, ಮರಗಳು ಹಣ್ಣು ಬಿಡುವುದನ್ನೂ ಕಡಿಮೆ ಮಾಡಿದವು.

"ಮರ ಅವೇ, ಮಳೆ ಅದೇ. ಕೆಳಕ್ಕೆ ಇಳಿಯೋ ಮೂಟೆ ಮಾತ್ರ ವರ್ಸಾ ವರ್ಸಾ ಕಮ್ಮಿ. ಯಾರದೋ ಮನೆ ಅಟ್ಟ ಸೇರ್ತಾ ಐತೆ ಕಣ್ರೀ" ಅನ್ನುತ್ತಿದ್ದಳು.

ಅಷ್ಟರಲ್ಲಿ ಕೊರಟಗೆರೆ ಹತ್ತಿರ ಬಾಗಿಲು ಮುಚ್ಚಿದ ಒಂದು ರೆಸಾರ್ಟಿನಲ್ಲಿ ಎ.ಟಿ.ವಿ. ಮಾರಾಟಕ್ಕಿದೆ ಎಂದು ಗೊತ್ತಾಯಿತು. ನಾಲ್ಕು ಗುಂಡು ಗುಂಡು ಚಕ್ರ, ಬೈಕಿನ ಹ್ಯಾಂಡಲ್ಲು. ಕಲ್ಲು ಮುಳ್ಳು ಯಾವುದನ್ನೂ ಕೇರ್ ಮಾಡದ ಗಾಡಿ. ತಂದೇಬಿಟ್ಟೆ. ನಾನೊಬ್ಬನೇ ಕೂತರೆ ದಿಣ್ಣೆ ಹತ್ತಿತು. ಹಿಂದೆ ಹೆಂಡತಿ ಕೂತಳು, ಅರ್ಧ ದಾರಿಯಲ್ಲಿ ಉಸ್ಸಪ್ಪಾ ಅಂತ ನಿಂತಿತು. ಅವಳು ಇಳಿದು, ಸೆರಗು ಕೊಡವಿ, ತೀರ್ಪು ಕೊಟ್ಟಳು:

"ಹುಣಸೆ ಬಡಿಯೋ ದಿನ ನನ್ನನ್ನ ಮ್ಯಾಲಕ್ಕೆ ಮುಟ್ಟಿಸಿದ್ರೆ ಸರಿ. ಇಲ್ಲಾಂದ್ರೆ ಮಾರನೇ ದಿನವೇ ಗುಜರಿಯವನನ್ನ ನಾನೇ ಕರಸ್ತೀನಿ."

ಹೊಟ್ಟೆ ದೊಡ್ಡದಾದ ಎಂಜಿನ್ನು

ಶಿರಾದಲ್ಲಿ ಒಬ್ಬ ಮೆಕ್ಯಾನಿಕ್ ಇದ್ದಾರೆ, ಎಲ್ಲರೂ ಭಾಯ್ ಅನ್ನುತ್ತಾರೆ. ಗಾಡಿಯನ್ನು ಲಗೇಜ್ ಆಟೊದಲ್ಲಿ ಹೇರಿಸಿಕೊಂಡು ಅಲ್ಲಿಗೆ ಹೋದೆ. ಭಾಯ್ ಎಂಜಿನ್ನಿನೊಳಗೆ ಪಿಸ್ಟನ್ ಓಡಾಡುವ ಬೋರನ್ನು ಅಗಲ ಕೊರೆಸಿ, ದೊಡ್ಡ ಪಿಸ್ಟನ್ ಕೂರಿಸಿದರು. ಡಬ್ಬಿಯೊಳಗಿದ್ದ ಹಳೇ ಏರ್ ಫಿಲ್ಟರ್ ಕಿತ್ತು, ಎಂಜಿನ್ನು ಧಾರಾಳವಾಗಿ ಉಸಿರಾಡಲಿ ಅಂತ ಬೆಳ್ಳನೆಯ ಸ್ಪಂಜಿನ ಹೊಸ ಫಿಲ್ಟರನ್ನು ಹೊರಗೆ ಕಾಣುವಂತೆ ಹಾಕಿದರು. ಎಲ್ಲ ಮುಗಿಯಿತು ಅಂದುಕೊಂಡರೆ, ಆಮೇಲೆ ಕಾರ್ಬೊರೇಟರನ್ನೂ ಬಿಚ್ಚತೊಡಗಿದರು.

"ಅದು ಸರಿಯಾಗೇ ಇತ್ತಲ್ಲ, ಅದನ್ನೇಕೆ ಬಿಚ್ಚುತ್ತೀರಿ?" ಎಂದೆ. ಬೇಡದ್ದನ್ನು ಬಿಚ್ಚುವವರನ್ನು ಕಂಡರೆ ನನಗೆ ಮೊದಲಿನಿಂದಲೂ ಗುಮಾನಿ.

"ಸಾಬ್, ಎಂಜಿನ್ನಿಗೆ ಹೊಟ್ಟೆ ದೊಡ್ಡದಾಯ್ತಲ್ಲಾ, ಬಡಿಸೋ ಸೌಟು ಹಳೇದೇ ಇದ್ರೆ ಹೆಂಗೆ?" ಎಂದು, ಗುಂಡುಪಿನ್ನಿನ ತಲೆಯಷ್ಟು ತೂತಿದ್ದ ಹಿತ್ತಾಳೆಯ ಜೆಟ್ಟೊಂದನ್ನು ತೆಗೆದು, ಅದಕ್ಕಿಂತ ಚೂರು ದೊಡ್ಡ ತೂತಿನದನ್ನು ಹಾಕಿದರು. ಇದರಿಂದಲೇ ಪೆಟ್ರೋಲು ಒಳಗೆ ಹೋಗುವುದು. ನಾನು ಬಗ್ಗಿ ಬಗ್ಗಿ ನೋಡುವುದನ್ನು ಕಂಡು ಅವರಿಗೇ ಅನುಮಾನ ಬಂತು.

"ಸಾಬ್, ನೀವು ಪೊಲೀಸಾ?"

"ಇಲ್ಲಪ್ಪ, ಕರೆಂಟು ತಪಾಸಣೆ."

ಭಾಯ್ ಕೈಯಲ್ಲಿದ್ದ ಸ್ಪ್ಯಾನರ್ ಕೆಳಗಿಟ್ಟರು. ಮೆಲ್ಲಗೆ ಎದ್ದು ಹಿತ್ತಲಿಗೆ ಹೋದರು. ಕಂಬದ ಕಡೆಯಿಂದ ಒಂದು ವೈರು ಸರಸರನೆ ಕೆಳಗಿಳಿಯಿತು. ಅಂಗಡಿಯ ಫ್ಯಾನು ನಿಂತಿತು.

"ಭಾಯ್, ನಾನು ರಿಟೈರ್ಡು" ಅಂತ ಕೂಗಿದೆ.

ಫ್ಯಾನು ಮತ್ತೆ ತಿರುಗಿತು.

ಸೋಲಾರ್ ಗುಮಾನಿ

ಹುಲಿಕುಂಟೆ ಕಡೆಯ ಮಣ್ಣಿನ ಏರಿನಲ್ಲಿ ಓಡಿಸಿ ನೋಡಿದೆವು, ಗಾಡಿ ಬಾಣದಂತೆ ಹೋಯಿತು. ಮನೆಗೆ ತಂದೆ. ಮರುದಿನ ನಾನು ಸ್ನಾನ ಮುಗಿಸಿ ಬರುವಷ್ಟರಲ್ಲಿ ಹೆಂಡತಿ ಪೂಜೆಯನ್ನೂ ಮುಗಿಸಿದ್ದಳು. ಚಕ್ರದಡಿ ನಿಂಬೆಹಣ್ಣು, ಹ್ಯಾಂಡಲ್ಲಿಗೆ ಸೇವಂತಿಗೆ. ಆಟೊದಲ್ಲಿ ಹೇರಿಸಿಕೊಂಡು ನೇರ ದಿಣ್ಣೆಗೆ ಹೋದೆ.

ಅಲ್ಲಿ ಶುರುವಾಯಿತು ಕೆಮ್ಮು. ಸೈಲೆನ್ಸರಿನಿಂದ ಕಪ್ಪು ಹೊಗೆ, ಒಲೆಗೆ ಹಸಿ ಸೌದೆ ಇಟ್ಟ ಹಾಗೆ. ಏರಿನಲ್ಲಿ ನಾಲ್ಕು ಮಾರು ಹೋಗುವುದು, ನಿಲ್ಲುವುದು. ಪೆಟ್ರೋಲು ಸೋರುತ್ತಿದೆಯೋ ಅಂತ ನಾನು ಇಳಿದು ಬಗ್ಗಿ ನೆಲ ನೋಡುವುದು. ಮತ್ತೆ ನಾಲ್ಕು ಮಾರು. ಕುರಿ ಮೇಯಿಸುತ್ತಿದ್ದ ಮುದುಕನೊಬ್ಬ ಕೋಲಿಗೆ ಗಲ್ಲ ಊರಿ ಇದನ್ನೆಲ್ಲ ನೋಡುತ್ತಿದ್ದ. ಕೊನೆಗೆ ಹತ್ತಿರ ಬಂದ.

"ಏನ್ ಸಾಮಿ, ಜಮೀನು ಅಳತೆ ಮಾಡ್ಕಂಡು ಬತ್ತಾ ಇದೀರಾ? ಸೋಲಾರ್ ಪ್ಲೇಟ್ ಹಾಕಾಕಾ?"

"ಅಯ್ಯೋ ಇಲ್ಲ ಕಣಜ್ಜ. ಗಾಡಿ ಕೆಟ್ಟಿದೆ, ಅದಕ್ಕೇ ನಿಲ್ಲಿಸ್ತಾ ಇದ್ದೀನಿ."

"ಪಾವಗಡದ ಕಡೀಕೂ ಇಂಗೇ ಯಾರೋ ಬಂದು, ಗಾಡಿ ಕೆಟ್ಟೈತೆ ಅಂತ ನಿಂತ್ಕಂಡ್ರಂತೆ. ಈಗ ಅಲ್ಲಿ ಕುರಿಗೆ ಹುಲ್ಲಿಲ್ಲ, ಬರೀ ಕನ್ನಡಿ."

ನಾನು ಆಣೆ ಮಾಡಿದೆ. ಮುದುಕ ಹೊಗೆಯನ್ನೂ ನನ್ನ ಮುಖವನ್ನೂ ಮೂರು ಸಲ ನೋಡಿದ. ಆಮೇಲೆ ಸಮಾಧಾನವಾದವನಂತೆ ತಲೆ ಆಡಿಸಿದ.

"ಬುಡಿ, ನಂಬ್ತೀನಿ. ಸೋಲಾರ್‌ನೋರ ಗಾಡಿ ಇಷ್ಟು ದರಿದ್ರವಾಗಿರಲ್ಲ."

ಕೆಂಪು ಫಿಲ್ಟರ್

ಅಲ್ಲಿಂದ ಪಾವಗಡ ದೂರವಿಲ್ಲ. ಹುಣಸೆ ಬಡಿಯುವ ದಿನ ಬೇರೆ ಹತ್ತಿರ ಬರುತ್ತಿತ್ತು. ಪಾವಗಡದಲ್ಲಿ ತೆಲುಗು ಬೆರೆಸಿ ಮಾತಾಡುವ ಒಬ್ಬ ಮೆಕ್ಯಾನಿಕ್ಕನ ಮುಂದೆ ಗಾಡಿ ಇಳಿಸಿದೆ. ಆತ ಎಂಜಿನ್ನು ನೋಡಲೇ ಇಲ್ಲ. ಎರಡೂ ಕೈ ಸೊಂಟಕ್ಕಿಟ್ಟು ಫಿಲ್ಟರನ್ನೇ ನೋಡಿದ.

"ಏಮಿ ಫಿಲ್ಟರ್ ಸಾರ್ ಇದಿ! ರೆಡ್ಡು! ಅಸಲು ರೇಸ್ ಮಾಲು!"

ನಾನೂ ನೋಡಿದೆ. ಬಗ್ಗಿ ಮತ್ತೊಮ್ಮೆ ನೋಡಿದೆ. ಶಿರಾದಲ್ಲಿ ನನ್ನ ಕಣ್ಣೆದುರು ಹಾಕಿದ್ದು ಬಿಳಿಯದು. ಇದು ಕೆಂಪು, ಕೆಂಪಂದರೆ ಕೆಂಪು.

"ಬದಲಾಯಿಸಿಬಿಟ್ಟಿದ್ದಾನೆ ಕಣಯ್ಯ! ಬಿಳಿದು ತೋರಿಸಿ ಕೆಂಪಿನದು ಹಾಕಿ ಕಳಿಸಿದ್ದಾನೆ!"

"ಅದಕ್ಕೇನು ಸಾರ್? ಬಿಳಿದಕ್ಕಿಂತ ಕೆಂಪಿಂದೇ ಶಾನೆ ಕಾಸ್ಟ್ಲಿ."

ಇಡೀ ಸರ್ವೀಸಿನಲ್ಲಿ ನಾನು ಎಂತೆಂಥ ಕಳ್ಳರನ್ನು ಕಂಡಿದ್ದೇನೆ. ಆದರೆ ಕಡಿಮೆಯದನ್ನು ತೋರಿಸಿ ಒಳ್ಳೆಯದನ್ನು ಕೊಟ್ಟು ಮೋಸ ಮಾಡಿದವನನ್ನು ಒಬ್ಬನನ್ನೂ ಕಂಡಿರಲಿಲ್ಲ. ಇದರ ಹಿಂದೆ ಏನೋ ಭಾರಿ ಸಂಚೇ ಇರಬೇಕು.

ಮೆಕ್ಯಾನಿಕ್ ಮಾತ್ರ ನಿರಾಳವಾಗಿದ್ದ. "ಪೆಟ್ರೋಲು ಎಕ್ಕುವ, ಶಾನೆ ಜಾಸ್ತಿ ಹೋಗ್ತಿದೆ ಸಾರ್, ಅದಕ್ಕೇ ಹೊಗೆ" ಎಂದು, ಭಾಯ್ ಹಾಕಿದ್ದ ಜೆಟ್ ತೆಗೆದು ತನ್ನ ಡಬ್ಬಿಗೆ ಹಾಕಿಕೊಂಡು, ಸಣ್ಣ ತೂತಿನದನ್ನು ಕೂರಿಸಿದ. ಹೊಗೆ ನಿಂತಿತು. ಜೊತೆಗೆ ಗಾಡಿಯ ಶಕ್ತಿಯೂ ನಿಂತಿತು. ನನ್ನನ್ನೊಬ್ಬನನ್ನು ಎಳೆಯುವುದಕ್ಕೂ ಎತ್ತಿನ ಹಾಗೆ ಗೋಣಾಡಿಸಿತು.

"ರೇಸ್ ಗಾಡಿ ಅಂದ್ರೆ ಅಂತೇ ಸಾರ್, ಹಿಂಗೇನೇ" ಅಂದ ಆತ. "ಮೆಲ್ಲಗೆ ಓಡಿಸಿ."

ಭಾಯ್ ಮೂಸಿ ನೋಡಿದ್ದು

ಮರ ಬಡಿಯುವವರು ನಾಳೆ ಬರುತ್ತೇವೆಂದು ಹೇಳಿ ಕಳಿಸಿದರು. ಅವತ್ತೇ ಗಾಡಿ ಹೇರಿಸಿಕೊಂಡು ಶಿರಾಕ್ಕೆ ಹೊರಟೆ. "ನಿಮ್ಮ ಕೈಲಿ ಜಗಳ ಆಗಲ್ಲ, ನಾನೂ ಬತ್ತೀನಿ" ಅಂತ ಹೆಂಡತಿಯೂ ಆಟೊ ಹತ್ತಿದಳು.

"ಭಾಯ್, ನಿಜ ಹೇಳಿ. ನನ್ನ ಬಿಳಿ ಫಿಲ್ಟರ್ ಎಲ್ಲಿ?"

"ಯಾ ಅಲ್ಲಾ! ಬಿಳಿದೇ ಹಾಕಿದ್ದೆ ಸಾಬ್. ನೀವೇ ಎಲ್ಲೋ ಬದಲಾಯಿಸಿ ನನ್ನ ಮೇಲೆ ಹೇಳ್ತೀರಲ್ಲಾ?"

ಅವರು ಫಿಲ್ಟರನ್ನು ಕಳಚಿ ಬೆರಳಿನಿಂದ ಉಜ್ಜಿದರು. ಬೆರಳು ಕೆಂಪಾಯಿತು. ಮೂಗಿನ ಹತ್ತಿರ ಹಿಡಿದು ಮೂಸಿದರು. ಮತ್ತೊಮ್ಮೆ ಮೂಸಿದರು. ಆಮೇಲೆ ನಿಧಾನವಾಗಿ ನನ್ನ ಹೆಂಡತಿಯ ಹಣೆಯನ್ನು ನೋಡಿದರು.

"ಸಾಬ್, ಇದು ರೇಸ್‌ದಲ್ಲ. ಕುಂಕುಮ."

ನಾನೂ ಅವಳ ಕಡೆ ತಿರುಗಿದೆ. ಅವಳು ಕಿಂಚಿತ್ತೂ ಅಳುಕಲಿಲ್ಲ.

"ಊಂ, ನಾನೇ ಹಚ್ಚಿದ್ದು. ಈಗೇನಾಯ್ತು? ಹೊಸಾ ಎಂಜಿನ್ನಿಗೆ ಕುಂಕುಮ ಇಡದೇ ಬುಟ್ಟಾರಾ? ಎಲ್ಲಾ ಕಡೀಕೂ ಕರೀ ಮಸಿ, ಬೆಳ್ಳಗೆ ಲಕ್ಷಣವಾಗಿದ್ದಿದ್ದು ಅದೊಂದೇ. ಒಂದು ಬೊಟ್ಟಿಟ್ರೆ ಹೀರ್ಕಂತಿತ್ತು. ಅದ್ಕೇ ಎಣ್ಣೇಲಿ ಕಲ್ಸಿ ಬಟ್ಲು ಪೂರಾ ಬಳಿದೆ."

ಭಾಯ್ ಎದ್ದು ನಿಂತು, ಎರಡೂ ಕೈ ಜೋಡಿಸಿದರು.

"ಅಮ್ಮಾ, ಅದು ಹಣೆ ಅಲ್ಲ. ಮೂಗು."

ಹುಣಸೆ ಬಡಿದ ದಿನ

ಫಿಲ್ಟರ್ ತೊಳೆದು ಹಾಕಿದ್ದಾಯಿತು. ಈಗ ಗಾಳಿ ಧಾರಾಳ, ಆದರೆ ಜೆಟ್ಟು ಪಾವಗಡದ ಸಣ್ಣ ತೂತಿನದೇ. ಭಾಯ್ ಹತ್ತಿರ ಅಂಥ ದೊಡ್ಡದು ಇನ್ನೊಂದಿರಲಿಲ್ಲ. "ತುಮಕೂರಿಂದ ತರಿಸ್ತೀನಿ ಸಾಬ್. ಅಲ್ಲೀವರೆಗೂ ಢಮ್ ಢಮ್ ಅನ್ನುತ್ತೆ, ಹೆದರಬೇಡಿ. ನಿಂತುಹೋದ್ರೆ ಚೋಕು ಅರ್ಧ ಎಳೀರಿ, ಪೆಟ್ರೋಲ್ ಸ್ವಲ್ಪ ಜಾಸ್ತಿ ಬರುತ್ತೆ" ಅಂದರು.

ಬೆಳಿಗ್ಗೆ ದಿಣ್ಣೆಯ ಬುಡದಲ್ಲಿ ಆಟೊದಿಂದ ಗಾಡಿ ಇಳಿಸಿ, ಹೆಂಡತಿಯನ್ನು ಹಿಂದೆ ಕೂರಿಸಿಕೊಂಡು ಹೊರಟೆ. ಅರ್ಧ ದಿಣ್ಣೆಗೆ ಗಾಡಿ ಗೊರಗೊರ ಎಂದಿತು.

"ಗುಜರಿಯವನ ನಂಬರು ನನ್ ಫೋನಾಗೇ ಐತೆ" ಎಂದು ಕಿವಿಯ ಪಕ್ಕದಲ್ಲೇ ಕೇಳಿಸಿತು.

ಚೋಕು ಎಳೆದೆ. ಗಾಡಿ ಒಮ್ಮೆ ನಡುಗಿ, ಜೀವ ಬಂದಂತೆ ಎದ್ದು, ಕಲ್ಲುಗಳ ಮೇಲೆ ನೆಗೆದುಕೊಂಡು ನೆತ್ತಿ ಮುಟ್ಟಿತು. ಖುಷಿಯಲ್ಲಿ ಆಕ್ಸಿಲರೇಟರ್ ಬಿಟ್ಟೆ.

ಢಮಾರ್!

ಮರದ ಮೇಲಿದ್ದವರು ಹಣ್ಣು ಬಡಿಯುವ ಗಳಗಳನ್ನು ಕೆಳಗೆ ಬಿಟ್ಟು ಕೊಂಬೆ ತಬ್ಬಿಕೊಂಡರು. "ಲೇ, ಅಮ್ಮಾವ್ರು ಹಂದಿ ಹೊಡಿಯೋ ಕೋವಿ ತಂದವ್ರೆ ಕಣ್ಲಾ!" ಅಂತ ಯಾರೋ ಕೂಗಿದರು. ಬಂಡೆಯ ಹಿಂದಿನಿಂದ ಒಬ್ಬ ಮೂಟೆ ಹೊತ್ತುಕೊಂಡು ಓಡಿಬಂದು ನಮ್ಮ ಮುಂದೆ ಇಳಿಸಿದ.

"ನೆರಳಾಗಿರ್ಲಿ ಅಂತ ಅತ್ಲಾಗಿಟ್ಟಿದ್ದೆ ಕಣಮ್ಮ!"

ಹೆಂಡತಿ ಬಾಯಿ ತೆರೆಯುವ ಮೊದಲೇ ಗಾಡಿಯೇ ಮತ್ತೊಮ್ಮೆ ಢಮ್ ಎಂದಿತು. ಲಂಟಾನ ಪೊದೆಯಿಂದ ಇನ್ನೊಂದು ಮೂಟೆ ಬಂತು.

ಅವಳು ನನ್ನ ಬೆನ್ನಿಗೆ ಮೆತ್ತಗೆ ತಿವಿದಳು. "ಇನ್ನೊಂದ್ ಕಿತ ಅನ್ಸ್ರೀ."

ಅವತ್ತು ಇಳಿದಷ್ಟು ಹುಣಸೆ ಆ ತೋಪಿನಿಂದ ಎಷ್ಟೋ ವರ್ಷದಿಂದ ಇಳಿದಿರಲಿಲ್ಲ.

ಒಂದು ವಾರದ ಮೇಲೆ ಭಾಯ್ ಕೊಟ್ಟ ಮಾತಿನಂತೆ ತುಮಕೂರಿನ ಜೆಟ್ ಹಿಡಿದುಕೊಂಡು ಮಧುಗಿರಿಯ ನಮ್ಮ ಮನೆಗೇ ಬಂದರು. ಸ್ಕ್ರೂ ಚೂರು ಬಿಗಿ, ಚೂರು ಸಡಿಲ. ಕಿವಿಗೊಟ್ಟು ಕೇಳಿ ಕೇಳಿ ಕಾರ್ಬೊರೇಟರನ್ನು ಕೂರಿಸಿದರು. ಗಾಡಿ ಹೊಗೆಯಿಲ್ಲದೆ, ಢಮ್ ಎನ್ನದೆ, ಹೊಸ ಹೊಲಿಗೆ ಮಿಷನ್ನಿನಂತೆ ಓಡಿತು. ನನಗೆ ಕುಣಿಯುವಷ್ಟು ಸಂತೋಷ.

ಹೆಂಡತಿ ಹೊರಗೆ ಬಂದಳು. ಗಾಡಿಯನ್ನು ಒಂದು ಸುತ್ತು ಹಾಕಿದಳು. ಬಗ್ಗಿ ನೋಡಿದಳು.

"ಇದರ ಸದ್ದು ಎಲ್ಲೋಯ್ತು?"

"ರಿಪೇರಿ ಆಯ್ತು ಕಣೇ" ಎಂದೆ.

ಅವಳು ಭಾಯ್ ಕಡೆಗೆ ತಿರುಗಿ ಅಂಗೈ ಚಾಚಿದಳು. "ಬಿಚ್ಚಿದ್ದನ್ನ ಇಲ್ಲಿಡಪ್ಪ. ಮುಂದಿನ ಸುಗ್ಗೀಲಿ ನನ್ ಮೂಟೆಗಳನ್ನ ನೀನ್ ಬಂದು ಕಾಯ್ತೀಯಾ?"

ಆ ಪಾವಗಡದ ಜೆಟ್ಟು ಈಗ ಅವಳ ಬೀರುವಿನಲ್ಲಿ, ಒಡವೆ ಡಬ್ಬಿಯೊಳಗೆ, ಓಲೆಯ ಪಕ್ಕದಲ್ಲಿದೆ. ಬೀರುವಿನ ಕೀಲಿಯನ್ನು ಮಾತ್ರ ನನಗೆ ಕೊಡುತ್ತಿಲ್ಲ. ಮರ ಬಡಿಯುವವರ ಜೊತೆ ನಾನೂ ಒಳಗೊಳಗೇ ಸೇರಿಕೊಂಡಿದ್ದೇನೆಂದು ಅವಳ ಗುಮಾನಿ.